ನೀರಿನ ಲೆಕ್ಕ ತೋರಿಸಿ ತಂದ ಬಂಡವಾಳ

ಅರಸೀಕೆರೆ ತಾಲ್ಲೂಕಿನ ನಮ್ಮ ಕ್ರಷರ್ ಪಕ್ಕದಲ್ಲಿ ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡುವ ಮರಳಿನ ಘಟಕ ಹಾಕಲು ಬಂಡವಾಳ ಹುಡುಕಿಕೊಂಡು ಓಡಾಡುತ್ತಿದ್ದಾಗ, ಯಾರ ಜಗಲಿಯಲ್ಲಿ ಕೂತರೂ ಯಾವ ಬ್ಯಾಂಕಿನ ಮೆಟ್ಟಿಲು ಹತ್ತಿದರೂ ಮಾತು ಕೊನೆಗೆ ನೀರಿಗೇ ಬಂದು ನಿಲ್ಲುತ್ತಿತ್ತು. ಕಲ್ಲು ಎಷ್ಟಿದೆ, ಮರಳಿನ ರೇಟೆಷ್ಟು ಎಂಬುದನ್ನು ಹಾಸನದವರಿಗೆ ಹೇಳಿಕೊಡಬೇಕಾಗಿಲ್ಲ. ಹೊಳೆ ಮರಳು ಸಿಗುವುದು ಕಷ್ಟವಾದ ಮೇಲೆ ಇಲ್ಲಿ ಮನೆ ಕಟ್ಟಿಸಿದ ಎಲ್ಲರಿಗೂ ಅದು ಗೊತ್ತು. ಸಕಲೇಶಪುರದ ಹಿರಿಯ ಕಾಫಿ ಪ್ಲಾಂಟರ್ ಒಬ್ಬರು ನಮ್ಮ ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಓದಿ, ಮಡಿಸಿಟ್ಟು ಕೇಳಿದರು:

"ಲಾಭ ಇದೆ, ಒಪ್ಪಿದೆ ಕಣಪ್ಪ. ಮರಳು ತೊಳೆಯೋಕೆ ನೀರು ಎಲ್ಲಿಂದ ತರ್ತೀಯ? ತೊಳೆದ ಕೆಸರು ಎಲ್ಲಿಗೆ ಬಿಡ್ತೀಯ?"

ಈ ಎರಡು ಪ್ರಶ್ನೆಗೆ ಕಾಗದದ ಮೇಲೆ ನಿಲ್ಲುವಂಥ ಉತ್ತರ ಸಿದ್ಧಮಾಡಿದ್ದೇ ನಮ್ಮ ಬಂಡವಾಳ ಸಂಗ್ರಹದ ಮುಕ್ಕಾಲು ಕೆಲಸ. ಕಲ್ಲು, ಮರಳು, ಅದಿರಿನ ಉದ್ಯಮಕ್ಕೆ ಹಣ ಹುಡುಕುತ್ತಿರುವವರಿಗೆ ಉಪಯೋಗವಾಗಲೆಂದು ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮರಳು ತಯಾರಾಗುವ ರೀತಿ ಗೊತ್ತಿದ್ದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಬಂಡೆ ಒಡೆಯುವ ಜಾ ಕ್ರಷರ್, ಕೋನ್ ಕ್ರಷರ್ ದಾಟಿ ಬಂದ ಜಲ್ಲಿಯನ್ನು ವಿಎಸ್‌ಐ ಎಂಬ ಯಂತ್ರ ಕಲ್ಲಿಗೆ ಕಲ್ಲು ಬಡಿಸಿ ಒಡೆಯುತ್ತದೆ. ಚೂಪು ಅಂಚು ಸವೆದು ಕಾಳು ಒಂದು ರೂಪಕ್ಕೆ ಬರುವುದು ಇಲ್ಲೇ. ಜೊತೆಗೆ ಹಿಟ್ಟಿನಂಥ ಪುಡಿಯೂ ಹುಟ್ಟುತ್ತದೆ. ಕಾಂಕ್ರೀಟಿಗೆ ಹಾಕುವ ಮರಳು, ಜಲ್ಲಿಯ ಭಾರತೀಯ ಮಾನಕವಾದ ಐಎಸ್ 383:2016ರ ಪ್ರಕಾರ 75 ಮೈಕ್ರಾನ್ ಜರಡಿಯಿಂದ ಕೆಳಗಿಳಿಯುವ ಪುಡಿ ಹೊಳೆ ಮರಳಿನಲ್ಲಿ ಶೇ 3ನ್ನು ಮೀರಬಾರದು. ಕಲ್ಲು ಒಡೆದು ಮಾಡಿದ ಮರಳಿನಲ್ಲಿ ಶೇ 15ರವರೆಗೆ ಇರಬಹುದು. ಈ ಮಿತಿಯೊಳಗೆ ತರಲು ಮರಳನ್ನು ತೊಳೆಯಬೇಕು, ಇಲ್ಲವೇ ಗಾಳಿಯಿಂದ ಪುಡಿ ಬೇರ್ಪಡಿಸಬೇಕು. ಎರಡನ್ನೂ ಮಾಡದೆ ಕ್ರಷರ್ ಡಸ್ಟನ್ನೇ ಎಂ-ಸ್ಯಾಂಡ್ ಎಂದು ಲೋಡ್ ಹಾಕಿ ಕಳಿಸುವವರಿದ್ದಾರೆ. ಅಂಥ ಪುಡಿ ನೀರು ಜಾಸ್ತಿ ಕುಡಿಯುತ್ತದೆ, ಒಣಗಿದ ಮೇಲೆ ಗಾರೆ ಬಿರುಕು ಬಿಡುತ್ತದೆ. ಆಮೇಲೆ ಮೇಸ್ತ್ರಿಗಳು ಎಂ-ಸ್ಯಾಂಡೇ ಬೇಡ ಎನ್ನುತ್ತಾರೆ. ಒಳ್ಳೆಯ ಮರಳು ಮಾಡುವವನಿಗೂ ಅದರ ಪೆಟ್ಟು ಬೀಳುತ್ತದೆ.

ನಾವು ತೊಳೆಯುವ ದಾರಿ ಆರಿಸಿಕೊಂಡೆವು. ಅರಸೀಕೆರೆಯಂಥ ಒಣ ಸೀಮೆಯಲ್ಲಿ ಕಲ್ಲು ತೊಳೆಯಲು ಹೊಸ ಬೋರ್ ಕೊರೆಸುತ್ತೇನೆ ಎಂದರೆ ಊರೂ ಒಪ್ಪುವುದಿಲ್ಲ, ಹಣ ಹಾಕುವವರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ನಮ್ಮ ಹಳೆಯ ಕ್ವಾರಿ ಗುಂಡಿಯಲ್ಲಿ ಮಳೆನೀರು ನಿಲ್ಲುತ್ತಿತ್ತು. ಅದರ ಬಂಡೆಗೋಡೆಯ ಮೇಲೆ ಅಡಿಗಳ ಗುರುತನ್ನು ಬಣ್ಣದಲ್ಲಿ ಬರೆಸಿದೆವು. ಮುಂಗಾರಿಗೆ ಎಷ್ಟು ಏರುತ್ತದೆ, ಬೇಸಿಗೆಯ ಕೊನೆಗೆ ಎಷ್ಟು ಉಳಿಯುತ್ತದೆ ಎಂದು ವರ್ಷಪೂರ್ತಿ ಪುಸ್ತಕದಲ್ಲಿ ಬರೆದಿಟ್ಟೆವು.

ಆಮೇಲೆ ಖರ್ಚಿನ ಕಡೆ. ತೊಳೆಯುವ ಘಟಕದಲ್ಲಿ ಸುತ್ತುವ ನೀರು ಬಹಳ, ಕಳೆದುಹೋಗುವ ನೀರು ಅದರ ಒಂದು ಭಾಗ ಮಾತ್ರ. ಅದು ಹೋಗುವ ದಾರಿಗಳು ನಾಲ್ಕು: ಮರಳಿನ ತೇವವಾಗಿ ಟಿಪ್ಪರ್‌ನಲ್ಲಿ ಹೋಗುವುದು, ನೀರು ಹಿಂಡಿದ ಕೆಸರಿನ ಬಿಲ್ಲೆಯಲ್ಲಿ ಉಳಿಯುವುದು, ಬಿಸಿಲಿಗೆ ಆರುವುದು, ರಸ್ತೆಗೆ ಚಿಮುಕಿಸುವುದು. ಈ ನಾಲ್ಕನ್ನು ಕೂಡಿದರೆ ದಿನಕ್ಕೆ ಬೇಕಾದ ಹೊಸ ನೀರು ಎಷ್ಟೆಂದು ತಿಳಿಯುತ್ತದೆ. ಗುಂಡಿಯ ನೀರು ಅದಕ್ಕೆ ಸಾಲುವಷ್ಟಕ್ಕೇ ಘಟಕದ ಗಾತ್ರ ಇಟ್ಟೆವು. ಯಂತ್ರ ಮಾರಲು ಬಂದವರು ಇನ್ನೂ ದೊಡ್ಡದು ಹಾಕಿ ಎಂದು ಒತ್ತಾಯಿಸಿದರು, ಸಾಲವೂ ಸಿಗುತ್ತಿತ್ತು. ನೀರು ಎಷ್ಟಿದೆಯೋ ಘಟಕ ಅಷ್ಟೇ ಎಂಬ ಮಾತಿನಿಂದ ನಾವು ಕದಲಲಿಲ್ಲ.

ಕೆಸರಿನ ವಿಷಯಕ್ಕೆ ಬಂದಾಗ ನಮ್ಮ ಮಾತುಕತೆಯಲ್ಲಿ ಪ್ರತಿ ಸಲವೂ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಬರುತ್ತಿತ್ತು. ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯಲ್ಲಿ ಗಣಿ ಎಂದರೆ ಜನರ ಕಣ್ಣಮುಂದೆ ನಿಲ್ಲುವುದು ಅದೇ. ವಿದೇಶಿ ಬಂಡವಾಳದ ಕತೆಯೂ ಅಲ್ಲೇ ಇದೆ. 1975ರಲ್ಲಿ ಇರಾನ್ ಜೊತೆ ಒಪ್ಪಂದವಾಯಿತು: 63 ಕೋಟಿ ಡಾಲರ್ ಸಾಲ ಅವರದು, ಅದಿರು ಕೊಳ್ಳುವವರೂ ಅವರೇ. 1976ರಲ್ಲಿ ಕಂಪನಿ ಹುಟ್ಟಿತು. ಇರಾನಿನಲ್ಲಿ ಕ್ರಾಂತಿಯಾದ ಮೇಲೆ ಅಲ್ಲಿಂದ ಬರುತ್ತಿದ್ದ ಹಣ ನಿಂತಿತು, ಖರೀದಿಯೂ ನಿಂತಿತು. ಭಾರತ ಸರ್ಕಾರ ಉಳಿದ ಹಣ ಹಾಕಿ ಯೋಜನೆ ಮುಗಿಸಿತು. ಕಬ್ಬಿಣದಂಶ ಕಡಿಮೆಯಿದ್ದ ಮ್ಯಾಗ್ನಟೈಟ್ ಅದಿರನ್ನು ಅಲ್ಲೇ ಅರೆದು, ಸತ್ವವನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಉಳಿದ ಕೆಸರು ನಿಂತದ್ದು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟಿನ ಹಿಂದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಬೆಟ್ಟಸಾಲು ಅದು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಎಂಜಿನಿಯರಿಂಗ್ ದೃಷ್ಟಿಯಿಂದ ಅದು ದೊಡ್ಡ ಸಾಧನೆ. ಅಲ್ಲಿ ದುಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಹಣ ಹಾಕುವವರು ಅದರಿಂದ ಕಲಿತ ಪಾಠವೂ ಸರಿಯಾದದ್ದೇ. ಸಾಲ ಕೊಟ್ಟವನೂ ಮಾಲು ಕೊಳ್ಳುವವನೂ ಒಬ್ಬನೇ ಆದರೆ ಅಪಾಯ ಎರಡು ಪಟ್ಟು. ಜಾಗವೇ ತಪ್ಪಿದ್ದರೆ ಎಂಥ ಯಂತ್ರವೂ ಕಾಪಾಡುವುದಿಲ್ಲ. ಕೆಸರನ್ನು ಕೆಸರಾಗಿಯೇ ಕಟ್ಟೆ ಹಾಕಿ ನಿಲ್ಲಿಸಿದರೆ ಗಣಿ ಮುಚ್ಚಿದ ಮೇಲೂ ಅದನ್ನು ಕಾಯುತ್ತಲೇ ಇರಬೇಕು.

ನಮ್ಮ ಯೋಜನೆಯಲ್ಲಿ ಮೂರಕ್ಕೂ ಉತ್ತರ ಬರೆದೆವು. ಮರಳನ್ನು ಯಾವ ಒಬ್ಬ ಕಂಟ್ರಾಕ್ಟರಿಗೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕೊಡುವುದಿಲ್ಲ ಎಂದು ನಿರ್ಧರಿಸಿದೆವು. ಜಾಗದ ಆಯ್ಕೆಗೂ ಕಾರಣ ಕೊಟ್ಟೆವು. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ಗಣಿ, ಕ್ವಾರಿ, ಮರಳು ತೆಗೆಯುವುದಕ್ಕೆ ಪೂರ್ತಿ ನಿಷೇಧ ಸೂಚಿಸಿದೆ, ಸಕಲೇಶಪುರ, ಮೂಡಿಗೆರೆ ಕಡೆಯ ಹಳ್ಳಿಗಳು ಆ ಪಟ್ಟಿಯಲ್ಲಿವೆ; ನಮ್ಮದು ಬಯಲುಸೀಮೆಯ ಬೋಳುಗುಡ್ಡ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ಆ ಸುತ್ತಿನಲ್ಲಿ ಕಲ್ಲು ಸಿಡಿಸುವ ಯೋಚನೆಯನ್ನೇ ನಾವು ಮಾಡಲಿಲ್ಲ. ಕೆಸರಿಗೆ ಥಿಕ್ನರ್ ಮತ್ತು ಫಿಲ್ಟರ್ ಪ್ರೆಸ್. ಥಿಕ್ನರ್ ತೊಟ್ಟಿಯಲ್ಲಿ ಪುಡಿ ತಳಕ್ಕೆ ಇಳಿಯುತ್ತದೆ, ತಿಳಿನೀರು ಮೇಲಿಂದ ವಾಪಸು ಬರುತ್ತದೆ. ತಳದ ಕೆಸರನ್ನು ಪ್ರೆಸ್ ಬಟ್ಟೆಗಳ ನಡುವೆ ಒತ್ತಿ ಬಿಲ್ಲೆಯಾಗಿ ಉದುರಿಸುತ್ತದೆ. ಬಿಲ್ಲೆಯನ್ನು ಟ್ರ್ಯಾಕ್ಟರ್‌ನಲ್ಲಿ ತುಂಬಬಹುದು, ಅಣೆಕಟ್ಟು ಬೇಡ. ಇದು ಬರೀ ಬ್ರೋಷರ್‌ನ ಮಾತಾಗಬಾರದೆಂದು ನಮ್ಮದೇ ಕಲ್ಲಿನ ಕೆಸರನ್ನು ಕ್ಯಾನುಗಳಲ್ಲಿ ತುಂಬಿ ಪ್ರೆಸ್ ತಯಾರಕರಿಗೆ ಕಳಿಸಿ, ಒಂದು ಸುತ್ತಿಗೆ ಎಷ್ಟು ಹೊತ್ತು, ಬಿಲ್ಲೆಯಲ್ಲಿ ಎಷ್ಟು ತೇವ ಉಳಿಯುತ್ತದೆ ಎಂದು ಬರೆಸಿಕೊಂಡು ಬಂದೆವು. ಆ ಒಂದು ಹಾಳೆ ಲಾಭನಷ್ಟದ ಪಟ್ಟಿಗಿಂತ ಹೆಚ್ಚು ಕೆಲಸ ಮಾಡಿತು. ಪ್ಲಾಂಟರು ಮೊದಲು ಕೈಗೆ ತೆಗೆದುಕೊಂಡದ್ದು ಅದನ್ನೇ.

ಬಿಲ್ಲೆಯ ಒಂದು ಪಾಲು ಬ್ಲಾಕ್ ಯಂತ್ರಕ್ಕೆ ಹೋಗುತ್ತದೆ, ಉಳಿದದ್ದು ಹಳೆಯ ಗುಂಡಿಯ ಒಣ ಭಾಗ ತುಂಬಲು. ಗ್ರಾನೈಟ್ ಕ್ವಾರಿಗಳಲ್ಲಿ ಅಳತೆಗೆ ಬಾರದೆ ರಾಶಿ ಬಿದ್ದಿರುವ ಕಲ್ಲನ್ನೂ ಇಲಾಖೆಯ ಅನುಮತಿ ಪಡೆದು, ರಾಜಧನ ಕಟ್ಟಿ ತರುತ್ತೇವೆ. ಹೊಸ ಬಂಡೆ ಸಿಡಿಸುವುದು ಅಷ್ಟು ಕಡಿಮೆಯಾಗುತ್ತದೆ.

ಊರಿನ ಒಪ್ಪಿಗೆ ಇಲ್ಲದೆ ಹಣದ ಮಾತು ಮುಂದುವರಿಸುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆವು. ಗ್ರಾಮಸಭೆಯಲ್ಲಿ ತೆಂಗಿನ ಗರಿಯ ಮೇಲೆ ಕೂರುವ ಧೂಳು, ಟಿಪ್ಪರ್ ಓಡಾಟ, ಸಿಡಿತ, ಎಲ್ಲವೂ ಬಂದವು. ಕನ್ವೇಯರ್‌ಗೆ ಮುಚ್ಚಿಗೆ, ಮಕ್ಕಳು ಶಾಲೆಗೆ ಹೋಗಿಬರುವ ಹೊತ್ತಿಗೆ ಲೋಡ್ ಬಿಡದಿರುವುದು, ಸಿಡಿಸುವ ಮುಂಚೆ ಮೈಕಿನಲ್ಲಿ ಸಾರುವುದು ಎಂದು ಬರೆದುಕೊಟ್ಟೆವು. ಅಜ್ಜಿಯೊಬ್ಬರು ಎದ್ದು ನಿಂತು, "ಮಗಾ, ನೀವು ಹೋದ್ಮೇಲೆ ಆ ಗುಂಡಿ ಏನಾಗ್ತದೆ?" ಎಂದರು. ಆ ಪ್ರಶ್ನೆಯಿಂದ ನಮ್ಮ ಷೇರುದಾರರ ಒಪ್ಪಂದಕ್ಕೇ ಒಂದು ಕಲಂ ಸೇರಿತು: ಮಾರಿದ ಪ್ರತಿ ಟನ್‌ಗೆ ಇಂತಿಷ್ಟೆಂದು ಬೇರೆ ಖಾತೆಯಲ್ಲಿ ಠೇವಣಿ, ಅದು ಗುಂಡಿಗೆ ಬೇಲಿ, ಇಳಿಜಾರು, ಗಿಡ ನೆಡುವುದಕ್ಕೆ ಮಾತ್ರ, ಹೊರಗಿನ ಹೂಡಿಕೆದಾರರ ಸಹಿ ಇಲ್ಲದೆ ಪೈಸೆಯನ್ನೂ ತೆಗೆಯುವಂತಿಲ್ಲ. ನೀರಿನ ಮೀಟರ್ ರೀಡಿಂಗನ್ನು ಪ್ರತಿ ತಿಂಗಳು ಪಂಚಾಯಿತಿ ಬೋರ್ಡಿಗೆ ಹಚ್ಚುತ್ತೇವೆ. ಹಣ ಹಾಕುವ ಮುಂಚೆ ಜಾಗ ನೋಡಲು ಬಂದವರಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಅದನ್ನೇ. ಆಗ ಕ್ರಷರ್ ಒಂದೇ ಓಡುತ್ತಿತ್ತು, ಬಳಕೆ ಸಣ್ಣದು. ಆದರೂ ಲೆಕ್ಕ ಬಹಿರಂಗವಾಗಿದೆ ಎಂಬುದು ಅವರಿಗೆ ಮುಖ್ಯವಾಯಿತು.

ಪರವಾನಗಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕ್ವಾರಿ ಗುತ್ತಿಗೆ, ಪರಿಸರ ಅನುಮತಿ, ಘಟಕ ಕಟ್ಟಲು ಮತ್ತು ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಒಪ್ಪಿಗೆಗಳಾದ ಸಿಎಫ್‌ಇ, ಸಿಎಫ್‌ಒ, 2011ರ ಕ್ರಷರ್ ಕಾಯ್ದೆಯ ಲೈಸೆನ್ಸ್, ಎಲ್ಲವೂ ಬೇಕು. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಎಲ್ಲದರ ಪ್ರತಿಯನ್ನೂ ಮುಗಿಯುವ ದಿನಾಂಕದ ಸಮೇತ ಒಂದೇ ಫೈಲಿನಲ್ಲಿಟ್ಟು ಕೊಡಿ. ಬ್ಯಾಂಕಿನವರು ಮೊದಲು ನೋಡುವುದು ಗುತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂದು. ಸಾಲದ ಅವಧಿ ಅದಕ್ಕಿಂತ ಸಾಕಷ್ಟು ಮುಂಚೆ ಮುಗಿಯಬೇಕು.

ಹಣ ಮೂರು ಕಡೆಯಿಂದ ಬಂತು: ನಮ್ಮದು, ಪ್ಲಾಂಟರುಗಳದು, ಬ್ಯಾಂಕಿನದು. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ಕಾಫಿ ಸೀಮೆಯವರ ಕೈಯಲ್ಲಿ ಹಣವಿತ್ತು. ಬೆಂಗಳೂರಿನ ಸೈಟಿಗೆ ಹಾಕುವುದಕ್ಕಿಂತ ಕಣ್ಣಳತೆಯಲ್ಲಿರುವ ಉದ್ಯಮಕ್ಕೆ ಹಾಕುವ ಮನಸ್ಸು ಕೆಲವರಿಗಿತ್ತು. ಪರಿಚಯದವರು ಎಂದು ಕೈಗಡ ತೆಗೆದುಕೊಂಡು ಬಡ್ಡಿ ಕೊಡುವ ಗೊಡವೆಗೆ ನಾವು ಹೋಗಲಿಲ್ಲ. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಇರುವಾಗ ಊರಲ್ಲಿ ಹಣ ಎತ್ತುವುದು ಕೊಟ್ಟವರಿಗೂ ಪಡೆದವರಿಗೂ ಅಪಾಯ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ಕಂಪನಿ ಕಾಯ್ದೆಯ 42ನೇ ಕಲಂ ಪ್ರಕಾರ ಆಯ್ದ ಕೆಲವರಿಗೆ ಷೇರು ಕೊಟ್ಟೆವು. ಹಣ ಬ್ಯಾಂಕ್ ಮೂಲಕವೇ ಬರಬೇಕು, ಬಂದ 60 ದಿನದೊಳಗೆ ಷೇರು ಹಂಚಬೇಕು, ಇಲ್ಲದಿದ್ದರೆ ವಾಪಸು ಕೊಡಬೇಕು. ಸಣ್ಣ ಉದ್ಯಮಗಳ ಸಾಲ ಖಾತರಿ ಯೋಜನೆಯಾದ ಸಿಜಿಟಿಎಂಎಸ್‌ಇ ಮಿತಿ ನಾವು ಸಾಲಕ್ಕೆ ಹೋದಾಗ 5 ಕೋಟಿ ಇತ್ತು. 2025ರ ಏಪ್ರಿಲ್‌ನಿಂದ 10 ಕೋಟಿಯಾಗಿದೆ. ಮನೆ, ತೋಟ ಅಡ ಇಡದೆ ಯಂತ್ರಕ್ಕೆ ಸಾಲ ಪಡೆಯಲು ಇದು ನಿಜವಾದ ಆಸರೆ. ಮಳೆಗಾಲದಲ್ಲಿ ಮಲೆನಾಡಿನ ಕಟ್ಟಡ ಕೆಲಸ ನಿಲ್ಲುತ್ತದೆ, ಆ ತಿಂಗಳುಗಳ ಮಾರಾಟವನ್ನು ನಾವೇ ಇಳಿಸಿ ತೋರಿಸಿದೆವು. ಕಂತು ಕಟ್ಟುವ ಲೆಕ್ಕ ಅದರ ಮೇಲೆಯೇ ನಿಂತಿತು.

ದೇಶದ ಮಟ್ಟದಲ್ಲೂ ಇದೇ ನ್ಯಾಯ ನಡೆಯುತ್ತದೆ ಎಂಬುದು ನನ್ನ ನಂಬಿಕೆ. ಗಣಿಯಲ್ಲಿ ಶೇ 100 ವಿದೇಶಿ ಹೂಡಿಕೆಗೆ ಬಾಗಿಲು ತೆರೆದು ವರ್ಷಗಳೇ ಆದವು. 2015ರಲ್ಲಿ ಗಣಿಗಳ ಹರಾಜು ಪದ್ಧತಿ ಮತ್ತು ಗಣಿ ಬಾಧಿತ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದವು. ಗಣಿ ಕಾಯ್ದೆಯ 2023ರ ತಿದ್ದುಪಡಿಯಲ್ಲಿ, ದೇಶದ ಉದ್ಯಮಕ್ಕೆ ಅತಿ ಮುಖ್ಯವಾದ 24 ನಿರ್ಣಾಯಕ ಖನಿಜಗಳ ಹರಾಜು ಕೇಂದ್ರಕ್ಕೆ ಸೇರಿತು, ಶೋಧನೆಗೇ ಬೇರೆ ಲೈಸೆನ್ಸ್ ಬಂತು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ನಮ್ಮ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲೇ ಕ್ರೋಮಿಯಂ ಅದಿರಾದ ಕ್ರೋಮೈಟ್ ಇದೆ, ಬೈರಾಪುರದಲ್ಲಿ ಅದನ್ನು ನೆಲದಡಿ ಗಣಿ ಮಾಡಿ ತೆಗೆದಿದ್ದಾರೆ. ಕಾನೂನು ಬಾಗಿಲು ತೆರೆಯಬಹುದು. ಒಳಗೆ ಬರುವವನು ಮಾತ್ರ ನೆಲದಡಿ ಏನಿದೆ, ಮೇಲೆ ಯಾರಿದ್ದಾರೆ, ನೀರು ಯಾರದು ಎಂಬ ಲೆಕ್ಕ ಕೇಳಿಯೇ ಕೇಳುತ್ತಾನೆ. ಹರಾಜಿಗೆ ಮುಂಚೆಯೇ ಆ ಲೆಕ್ಕವನ್ನು ಸರ್ಕಾರ ಊರಿನವರ ಜೊತೆ ಕೂತು ಸಿದ್ಧಮಾಡಿದರೆ ಒಳ್ಳೆಯ ಬಂಡವಾಳ ಬರುತ್ತದೆ. ಆತುರದ ಬಂಡವಾಳ ತಾನಾಗಿ ದೂರ ಉಳಿಯುತ್ತದೆ, ಅದರಿಂದ ನಷ್ಟವಿಲ್ಲ.

ಈಗ ಅದೇ ಪ್ಲಾಂಟರುಗಳ ಮುಂದೆ ಎರಡನೇ ಪ್ರಸ್ತಾವ ಇಟ್ಟಿದ್ದೇವೆ. ಹಾಸನದಲ್ಲಿ ಹಳೆ ಮನೆ ಕೆಡವಿದ ಕಾಂಕ್ರೀಟನ್ನು ತಂದು, ಕಬ್ಬಿಣ ಬೇರೆ ಮಾಡಿ, ಒಡೆದು ಮತ್ತೆ ಜಲ್ಲಿ ಮಾಡುವುದು. ಐಎಸ್ 383 ಇದಕ್ಕೆ ಅವಕಾಶ ಕೊಟ್ಟಿದೆ: ಎಂ25 ದರ್ಜೆಯವರೆಗಿನ ಆರ್‌ಸಿಸಿಯಲ್ಲಿ ದಪ್ಪ ಜಲ್ಲಿಯ ಶೇ 20ರಷ್ಟು, ಪಾಯದ ಬೆಡ್‌ಗೆ ಹಾಕುವಂಥ, ಸಿಮೆಂಟ್ ಕಡಿಮೆಯಿರುವ ಕಾಂಕ್ರೀಟಿನಲ್ಲಿ ಪೂರ್ತಿ. ಹಳೆ ಗಾರೆ ಅಂಟಿಕೊಂಡ ಜಲ್ಲಿ ನೀರು ಹೆಚ್ಚು ಹೀರುತ್ತದೆ, ಆದ್ದರಿಂದ ನೀರಿನ ಲೆಕ್ಕವನ್ನು ಹೊಸದಾಗಿ ಮಾಡುತ್ತಿದ್ದೇವೆ. ಅದು ಮುಗಿದ ಮೇಲೆ ಯಂತ್ರದ ಕೊಟೇಶನ್ ತರಿಸುತ್ತೇವೆ.