ಲಿವರ್ ಕೊಟ್ಟ ಸುಳಿವು

ದೊಡ್ಡ ರಕ್ತನಾಳಗಳಿಗೆ ಉರಿಯೂತ ತರುವ ವ್ಯಾಸ್ಕುಲೈಟಿಸ್ ಒಂದೇ ಜಾಗದಲ್ಲಿ ಕೂರುವ ಕಾಯಿಲೆಯಲ್ಲ. ಮಹಾಪಧಮನಿಯಲ್ಲೂ ಇರಬಹುದು, ಕುತ್ತಿಗೆ, ತೋಳಿನ ನಾಳಗಳಲ್ಲೂ ಇರಬಹುದು. ಅದಕ್ಕೇ ತಲೆಯಿಂದ ತೊಡೆವರೆಗಿನ ಪೆಟ್-ಸಿಟಿ ಸ್ಕ್ಯಾನ್‌ಗಳನ್ನು ಹಿಡಿದು ಕೂತೆ. ಇದರಲ್ಲಿ ಸಿಟಿ ಅಂಗಗಳ ಆಕಾರ ತೋರಿಸುತ್ತದೆ, ಪೆಟ್ ದೇಹಕ್ಕೆ ಚುಚ್ಚಿದ ವಿಕಿರಣಶೀಲ ವಸ್ತು ಎಲ್ಲಿ ಸೇರಿದೆ ಅಂತ ತೋರಿಸುತ್ತದೆ. ಆ ವಸ್ತು ಸಕ್ಕರೆಯಂಥ ಎಫ್‌ಡಿಜಿ; ಉರಿಯೂತ ಇರುವ ಜಾಗ ಇದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಯಾವ ಅಂಗ ಎಷ್ಟು ಎಳೆದುಕೊಂಡಿದೆ ಅಂತ ಅಳೆಯಬೇಕಿತ್ತು.

ಅಂಗಗಳ ಗಡಿ ಗುರುತಿಸುವುದನ್ನು ಟೋಟಲ್‌ಸೆಗ್ಮೆಂಟೇಟರ್‌ಗೆ ಬಿಟ್ಟೆ. 2023ರಲ್ಲಿ ಪ್ರಕಟವಾದ ಈ ಎಐ, ಸಿಟಿ ಚಿತ್ರದಲ್ಲಿ 104 ರಚನೆಗಳನ್ನು ಕೆಲವೇ ನಿಮಿಷಗಳಲ್ಲಿ ಬೇರ್ಪಡಿಸಿ ಕೊಟ್ಟಿತು. ಕಷ್ಟದ ಕೆಲಸ ಮುಗಿಯಿತು ಅಂದುಕೊಂಡೆ.

ಒಬ್ಬ ರೋಗಿಯ ಅಂಕಿ ನೋಡಿ ಬೆಚ್ಚಿದೆ. ಮಹಾಪಧಮನಿ ಜಾಸ್ತಿ, ಗುಲ್ಮ ಜಾಸ್ತಿ, ಬೆನ್ನುಮೂಳೆ ಜಾಸ್ತಿ. ಮೈಯೆಲ್ಲಾ ಉರಿಯೂತ! ಪಟ್ಟಿಯಲ್ಲಿ ಇದೇ ಎಲ್ಲಕ್ಕಿಂತ ಜೋರಾದ ಕೇಸು ಅಂತ ಗುರುತನ್ನೂ ಹಾಕಿಬಿಟ್ಟೆ. ಆಮೇಲೆ ಕಣ್ಣು ಲಿವರ್ ಮೇಲೆ ಬಿತ್ತು. ಸಾಮಾನ್ಯವಾಗಿ ಲಿವರ್‌ನ ಎಸ್‌ಯುವಿ, ಅಂದರೆ ಡೋಸ್ ಮತ್ತು ತೂಕಕ್ಕೆ ಹೊಂದಿಸಿ ಎಫ್‌ಡಿಜಿ ಎಷ್ಟು ಸೇರಿದೆ ಅಂತ ಹೇಳುವ ಅಂಕಿ, 2ರಿಂದ 2.5ರ ಆಸುಪಾಸಿನಲ್ಲಿರುತ್ತದೆ. ಇಲ್ಲಿ 3.2. ಪೃಷ್ಠದ ಸ್ನಾಯುವೂ ಅದೇ ಲೆಕ್ಕದಲ್ಲಿ ಏರಿತ್ತು. ಸುಮ್ನೆ ಮಲಗಿದ್ದ ಸ್ನಾಯುವಿಗೆ ಏನು ಬಂತು? ಎಲ್ಲವೂ ಒಂದೇ ಅಳತೆಯಲ್ಲಿ ಏರಿದ್ದರೆ ಮೊದಲು ಲೆಕ್ಕವನ್ನು ಅನುಮಾನಿಸಬೇಕು, ಅಲ್ವಾ?

ಎಸ್‌ಯುವಿ ಲೆಕ್ಕಕ್ಕೆ ರೋಗಿಯ ತೂಕ, ಕೊಟ್ಟ ಡೋಸ್, ಕೊಟ್ಟ ಸಮಯ ಬೇಕು. ಎಫ್‌ಡಿಜಿಯಲ್ಲಿರುವ ಫ್ಲೋರಿನ್-18ರ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 110 ನಿಮಿಷ. ಡೋಸ್ ಕೊಟ್ಟದ್ದು ಅಂತ ಫೈಲಿನಲ್ಲಿದ್ದ ಸಮಯ ನಿಜವಾದ ಸಮಯಕ್ಕಿಂತ ಒಂದು ಗಂಟೆ ಹಿಂದಿತ್ತು. ಡೋಸ್ ಅಷ್ಟೂ ಹೊತ್ತು ಕರಗಿದೆ ಅಂತ ನಂಬಿದ ಪ್ರೋಗ್ರಾಂ ಪ್ರತಿ ಅಂಗದ ಅಂಕಿಯನ್ನೂ 1.46 ಪಟ್ಟು ಉಬ್ಬಿಸಿತ್ತು. ಡೋಸ್ ಅಳೆಯುವ ಯಂತ್ರದ ಗಡಿಯಾರ ಒಂದು ಹೇಳಿದರೆ ಸ್ಕ್ಯಾನರ್‌ನದ್ದು ಇನ್ನೊಂದು ಹೇಳುತ್ತಿತ್ತು. ಸಮಯ ತಿದ್ದಿದೆ. ಲಿವರ್ 2.2ಕ್ಕೆ ಇಳಿಯಿತು.

ಅವತ್ತಿನಿಂದ ನಾಳದ ಅಂಕಿಯನ್ನು ಲಿವರ್‌ನ ಅಂಕಿಯಿಂದ ಭಾಗಿಸಿಯೇ ನೋಡುತ್ತೇನೆ. ಗಡಿಯಾರ ತಪ್ಪಿದ್ದರೂ ಅನುಪಾತ ಕೆಡುವುದಿಲ್ಲ. ಲಿವರ್‌ಗೇ ಕಾಯಿಲೆ ಇದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ.

ಉಸಿರಾಟದ ಕಾಟ ಬೇರೆ. ಸಿಟಿ ಕೆಲವೇ ಸೆಕೆಂಡುಗಳದ್ದು, ಪೆಟ್ ಹಲವು ನಿಮಿಷಗಳದ್ದು; ಅಷ್ಟು ಹೊತ್ತು ಉಸಿರಾಟಕ್ಕೆ ಲಿವರ್ ಮೇಲೆ ಕೆಳಗೆ ಸರಿಯುತ್ತಿರುತ್ತದೆ. ಎಐ ಶ್ವಾಸಕೋಶ ಅಂದ ಜಾಗದ ತಳದಲ್ಲಿ ಲಿವರ್‌ನ ಹೊಳಪು ಬಂದು ಕೂತಿರುತ್ತದೆ. ಆ ತಳಭಾಗವನ್ನು ಲೆಕ್ಕದಿಂದಲೇ ಬಿಟ್ಟೆ.

ಆ ಜೋರಾದ ಕೇಸಿಗೆ ವಾಪಸ್ ಬರುತ್ತೇನೆ. ಲೆಕ್ಕ ಸರಿಯಾದ ಮೇಲೆ ಮಹಾಪಧಮನಿ ತಣ್ಣಗಿತ್ತು. ಆದರೆ ಪೆಟ್ ಚಿತ್ರವನ್ನೇ ತಿರುಗಿಸಿ ನೋಡಿದಾಗ ಎಡತೋಳಿಗೆ ಹೋಗುವ ನಾಳ ಲಿವರ್‌ಗಿಂತ ಜಾಸ್ತಿ ಹೊಳೆಯುತ್ತಿತ್ತು. ನಾನು ಬಳಸಿದ ಆವೃತ್ತಿಯ 104ರಲ್ಲಿ ಆ ನಾಳ ಇರಲೇ ಇಲ್ಲ. ಅದರ ಗಡಿಯನ್ನು ಕೈಯಲ್ಲೇ ಎಳೆದೆ.