ಮಕ್ಕಳಿರೋ ಮನೆಗೆ ಶೆಲ್ಟರ್ ನಾಯಿ ಆರಿಸೋದು ಹೆಂಗೆ

ದಿಕ್ಕಿಲ್ಲದ ನಾಯಿಗಳನ್ನ ನೋಡ್ಕೊಂಡು ದತ್ತು ಕೊಡೋ ಶೆಲ್ಟರ್‌ಗೆ ಹೋದ್ರೆ ಮಕ್ಕಳು ಸೀದಾ ಓಡೋದು ಪುಟ್ಟ ಮರಿಗಳ ಹತ್ರಾನೇ. ಆದ್ರೆ ಮನೇಲಿ ಆರೇಳು ವರ್ಷದೊಳಗಿನ ಮಕ್ಕಳಿದ್ರೆ ನನ್ ಪ್ರಕಾರ ಮರಿ ಬೇಡ, ಎರಡು ವರ್ಷ ದಾಟಿರೋ ನಾಯೀನೇ ನೋಡಿ. ಹಲ್ಲು ಬರೋ ಟೈಮಲ್ಲಿ ಮರಿ ಕೈ ಕಾಲು ಬಟ್ಟೆ ಎಲ್ಲಾ ಕಚ್ಚುತ್ತೆ, ಮಗು ಕಿರುಚ್ಕೊಂಡು ಓಡುತ್ತೆ, ಅದು ಆಟ ಅಂದ್ಕೊಂಡು ಇನ್ನೂ ಅಟ್ಟಿಸ್ಕೊಂಡು ಬರುತ್ತೆ. ಬೆಳೆದ ನಾಯಿ ಆದ್ರೆ ಸ್ವಭಾವ ಕಣ್ಣೆದುರಿಗೇ ಗೊತ್ತಾಗುತ್ತೆ. ತಳಿ ಅಂತೂ ನಮ್ ನಾಟಿ ನಾಯೀನೇ ಸಾಕು, ಹಸ್ಕಿ ಗಿಸ್ಕಿಗೆ ಮೈಸೂರು ಮಂಡ್ಯದ ಬೇಸಿಗೆ ನಿಜವಾಗ್ಲೂ ಹಿಂಸೆ.

ಮೊದಲನೇ ಸಲ ಮಕ್ಕಳನ್ನ ಬಿಟ್ಟು ದೊಡ್ಡೋರೇ ಹೋಗಿ. ಅಲ್ಲಿ ದಿನಾ ಊಟ ಹಾಕೋರನ್ನ ವಿಚಾರಿಸಿ, ತಿನ್ನುವಾಗ ಹತ್ರ ಹೋದ್ರೆ ಗುರ್ ಅನ್ನುತ್ತಾ, ಯಾರಿಗಾದ್ರೂ ಕಚ್ಚಿದ್ಯಾ, ಒಂದ್ಸಲ ಮನೆಗೆ ಹೋಗಿ ವಾಪಸ್ ಬಂದಿದ್ರೆ ಯಾಕೆ ಬಂತು ಅಂತ.

ಎರಡನೇ ಸಲ ಮಕ್ಕಳನ್ನ ಕರ್ಕೊಂಡು ಹೋಗಿ ಸುಮ್ನೆ ಒಂದ್ಕಡೆ ಕೂರ್ಸಿ, ಮಗು ನಾಯಿ ಹತ್ರ ಹೋಗೋದು ಬೇಡ, ನಾಯೀನೇ ಬರ್ಲಿ. ಮೈ ಸಡಿಲ ಬಿಟ್ಕೊಂಡು ಬಂದು ಮೂಸಿ ಪಕ್ಕದಲ್ಲೇ ನಿಂತ್ರೆ ಒಳ್ಳೇದು. ಬರೀ ಬಾಲ ಆಡಿಸ್ತು ಅಂತ ನಂಬ್ಬೇಡಿ, ಮೈ ಬಿಗಿ ಹಿಡಿದು ಬಾಲ ನೆಟ್ಟಗೆ ಎತ್ತಿ ಆಡಿಸಿದ್ರೆ ಅದು ಖುಷಿ ಅಲ್ಲ. ಮುಖ ಆಕಡೆ ತಿರುಗಿಸೋದು, ನಿದ್ದೆ ಬರ್ದಿದ್ರೂ ಆಕಳಿಸೋದು, ತುಟಿ ನೆಕ್ಕೋದು, ಕಣ್ಣಂಚಲ್ಲಿ ಬಿಳಿ ಕಾಣೋದು, ಇದೆಲ್ಲ ನೋಡಿದ್ರೆ ಮಗೂನ ಸ್ವಲ್ಪ ದೂರ ಕರ್ಕೊಳ್ಳಿ. ಅಲ್ಲಿಂದ ಹೊರಡೋ ಮುಂಚೆ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳ್ಸಿ ನೋಡಿ. ಬೆಚ್ಚಿದ್ರೆ ಪರವಾಗಿಲ್ಲ, ಬೇಗ ಸುಧಾರಿಸ್ಕೋಬೇಕು. ಮೂಲೆ ಸೇರಿ ಈಚೆಗೇ ಬರ್ದಿರೋದೂ ಒಳ್ಳೇ ನಾಯೀನೇ, ಆದ್ರೆ ಅದಕ್ಕೆ ಗಲಾಟೆ ಇಲ್ಲದ ಮನೆ ಬೇಕು.

ದಸರಾ ರಜೆಗೆ ಮಕ್ಕಳು ಮನೇಲೇ ಇರ್ತಾರಲ್ಲ ಆವಾಗ ತರೋಣ ಅನ್ಸುತ್ತೆ, ದಯವಿಟ್ಟು ಬೇಡ. ಜಂಬೂಸವಾರಿಗೆ 21 ಕುಶಾಲತೋಪು, ಅದಾಗಿ ಮೂರು ವಾರದೊಳಗೆ ದೀಪಾವಳಿ ಪಟಾಕಿ, ಇನ್ನೂ ಮನೆ ಗುರುತೇ ಸರಿಯಾಗಿ ಸಿಗದ ನಾಯಿ ಗೇಟ್ ಹಾರಿ ಓಡಿಬಿಡುತ್ತೆ. ಹೊಂದ್ಕೊಳ್ಳೋಕೆ ಎರಡು ಮೂರು ತಿಂಗಳಾದ್ರೂ ಬೇಕು, ಅದಕ್ಕೇ ಬೇಸಿಗೆ ರಜೆ ಶುರುವಲ್ಲೇ ತನ್ನಿ.

ರೇಬಿಸ್ ಲಸಿಕೆ ಕಾರ್ಡ್ ಕೇಳಿ ಇಸ್ಕೊಳ್ಳಿ, ಮರಿ ಆಗದ ಹಾಗೆ ಮಾಡೋ ಆಪರೇಷನ್ ಆಗಿದ್ಯಾ ಕೇಳಿ, ಜಂತುಹುಳದ ಔಷಧಿ ಕೊಡ್ಸಿ ಯಾಕಂದ್ರೆ ಅದು ಮಕ್ಕಳಿಗೂ ಅಂಟುತ್ತೆ. ಬಾಡಿಗೆ ಮನೆ ಆದ್ರೆ ಓನರ್ ಹತ್ರ ಮೊದ್ಲೇ ಮಾತಾಡಿ. ಲಸಿಕೆ ಆಗಿರೋ ನಾಯೀನೇ ಕಚ್ಚಿದ್ರೂ ಪರಚಿದ್ರೂ ಗಾಯಾನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳ್ದು ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಅರಿಶಿನ ಕಾಫಿಪುಡಿ ಮೆತ್ತೋದು ಬೇಡ.

ಶೆಲ್ಟರ್‌ನೋರು ಒಪ್ಪಿದ್ರೆ ದತ್ತು ಪತ್ರಕ್ಕೆ ಸೈನ್ ಹಾಕೋ ಮುಂಚೆ ಎರಡು ವಾರ ಮನೇಲಿಟ್ಕೊಂಡು ನೋಡಿ. ಅಷ್ಟು ದಿನ ನೆಂಟರಿಷ್ಟರನ್ನ ಕರೀಬೇಡಿ, ಚಿಕ್ ಮಕ್ಕಳನ್ನೂ ನಾಯೀನೂ ಒಂದೇ ರೂಮಲ್ಲಿ ಬಿಟ್ಟು ಅಡುಗೆಮನೆಗೂ ಹೋಗ್ಬೇಡಿ.