ಅಮೆರಿಕದಲ್ಲಿ ರಾಜ್ಯಕ್ಕೂ ವಾಷಿಂಗ್ಟನ್‌ಗೂ ಜಗಳ ಅಂತ ಸುದ್ದಿ ಬಂದ್ರೆ ಅದನ್ನ ಓದೋದು ಹೆಂಗೆ

ಟೆಕ್ಸಾಸ್‌ನೋರು ಫೆಡರಲ್ ಸರ್ಕಾರದ (ಅಂದ್ರೆ ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ) ಮೇಲೆ ಕೇಸ್ ಹಾಕಿದ್ರು, ಕ್ಯಾಲಿಫೋರ್ನಿಯಾದೋರು ಅಧ್ಯಕ್ಷರ ಆದೇಶಕ್ಕೆ ಸ್ಟೇ ತಂದ್ರು, ಇಂಥವು ಮೊಬೈಲಲ್ಲಿ ಬರ್ತಾನೇ ಇರ್ತವೆ. ನಮ್ಮ ದಾವಣಗೆರೆಯಲ್ಲಿ ಎಂಸಿಸಿ ಬಿ ಬ್ಲಾಕ್ ಕಡೆ ಹೋದ್ರೆ ಮಗನೋ ಮಗಳೋ ಅಮೆರಿಕದಲ್ಲಿರೋ ಮನೆಗಳು ಬೇಕಾದಷ್ಟು, ಅವರಿಗೆ ಇದು ಮನೆ ಸುದ್ದಿ ಇದ್ದಂಗೆ. ಇನ್ನೊಂದು ಕಡೆ ಕೆಎಎಸ್, ಐಎಎಸ್ ಅಂತ ಓದೋ ಹುಡುಗ್ರು ಫೆಡರಲಿಸಂ ನೋಟ್ಸ್ ಬಾಯಿಪಾಠ ಮಾಡ್ತಿರ್ತಾರೆ. ಇಬ್ರಿಗೂ ತೊಂದ್ರೆ ಒಂದೇ, ಜಗಳ ಯಾತಕ್ಕೆ ಅಂತ ಸರಿಯಾಗಿ ಗೊತ್ತಾಗೋದೇ ಇಲ್ಲ, ಅಷ್ಟರೊಳಗೆ ನಾವು ಯಾರ ಕಡೆ ಅಂತ ತೀರ್ಮಾನ ಆಗಿಬಿಟ್ಟಿರುತ್ತೆ. ಪಾಠ ಮಾಡುವಾಗ ನಾನು ಹುಡುಗ್ರಿಗೆ ಹೇಳೋ ಕ್ರಮ ಇಲ್ಲಿ ಬರೀತಿದೀನಿ, ಬೇಕಾದ್ರೆ ಹಿಂದೆ ಮುಂದೆ ಮಾಡ್ಕೊಳ್ರಿ.

ಮೊದಲ್ನೇದು, ನಮ್ಮ ಕೇಂದ್ರ-ರಾಜ್ಯದ ಲೆಕ್ಕ ತಲೆಯಿಂದ ತೆಗೆದು ಪಕ್ಕಕ್ಕಿಡ್ರಿ. ಇದು ಮಾಡ್ದೆ ಮುಂದೆ ಹೋದ್ರೆ ಎಲ್ಲಾ ತಪ್ಪು ತಪ್ಪೇ ಅರ್ಥ ಆಗುತ್ತೆ. ನಮ್ಮಲ್ಲಿ ಸಂವಿಧಾನದ ಏಳನೇ ಶೆಡ್ಯೂಲ್‌ನಲ್ಲಿ ಕೇಂದ್ರದ್ದು, ರಾಜ್ಯದ್ದು, ಇಬ್ರದ್ದೂ ಅಂತ ಅಧಿಕಾರದ ಮೂರು ಪಟ್ಟಿ ಐತೆ, ಯಾವ ಪಟ್ಟಿಲೂ ಇಲ್ಲದ್ದು ದಿಲ್ಲಿಗೆ ಹೋಗುತ್ತೆ. ಅಲ್ಲಿ ಉಲ್ಟಾ, ವಾಷಿಂಗ್ಟನ್‌ಗೆ ಏನೇನು ಅಧಿಕಾರ ಅಂತ ಸಂವಿಧಾನದಲ್ಲಿ ಎಣಿಸಿ ಬರೆದವ್ರೆ, ಉಳಿದಿದ್ದೆಲ್ಲ ರಾಜ್ಯಗಳದ್ದು ಇಲ್ಲಾ ಜನರದ್ದು ಅಂತ 1791ರ ಹತ್ತನೇ ತಿದ್ದುಪಡಿ ಹೇಳುತ್ತೆ. ಗವರ್ನರ್ ಅಂದ್ರೆ ದಿಲ್ಲಿಯಿಂದ ಬಂದು ರಾಜಭವನದಲ್ಲಿ ಕೂರೋರಲ್ಲ, ಜನ ಓಟ್ ಹಾಕಿ ಆರಿಸಿದೋರು, ನಮ್ಮ ಮುಖ್ಯಮಂತ್ರಿ ಇದ್ದಂಗೆ. ಅವರನ್ನ ಅಧ್ಯಕ್ಷ ತೆಗೆದುಹಾಕೋಕೆ ಆಗೋದೇ ಇಲ್ಲ. ರಾಷ್ಟ್ರಪತಿ ಆಳ್ವಿಕೆ ತರೋ ನಮ್ಮ 356ನೇ ವಿಧಿ ಥರದ್ದು ಅಲ್ಲಿ ಇಲ್ಲವೇ ಇಲ್ಲ. ನಮ್ಮ ಬೊಮ್ಮಾಯಿ ಸರ್ಕಾರವನ್ನ 1989ರಲ್ಲಿ ವಜಾ ಮಾಡಿದ್ದು, ಅದು ಸುಪ್ರೀಂ ಕೋರ್ಟಿಗೆ ಹೋಗಿ 1994ರಲ್ಲಿ ಒಂಬತ್ತು ಜಡ್ಜ್‌ಗಳು ತೀರ್ಪು ಕೊಟ್ಟಿದ್ದು ಗೊತ್ತಲ್ಲ, ಅಂಥ ಕೇಸ್ ಹುಟ್ಟೋಕೇ ಅಲ್ಲಿ ಜಾಗ ಇಲ್ಲ. ಹಂಗೇ ನಮ್ಮ ಪಾರ್ಲಿಮೆಂಟ್ ಮನಸ್ಸು ಮಾಡಿದ್ರೆ ಒಂದು ರಾಜ್ಯ ಒಡೆದು ಎರಡು ಮಾಡಬಹುದು, ರಾಜ್ಯದ ಅಸೆಂಬ್ಲಿ ಬೇಡ ಅಂದ್ರೂ ಕೇಳಬೇಕಾಗಿಲ್ಲ. ಅಲ್ಲಿ ಆ ರಾಜ್ಯದ ಶಾಸನಸಭೆ ಒಪ್ಪದೆ ಗಡಿ ಮುಟ್ಟಂಗಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಕೋರ್ಟು, ಪೊಲೀಸು. ನಮ್ಮಲ್ಲಿ ಜಿಲ್ಲಾ ಕೋರ್ಟಿಂದ ಸುಪ್ರೀಂ ಕೋರ್ಟ್ ತನಕ ಒಂದೇ ಏಣಿ, ಪಾರ್ಲಿಮೆಂಟ್ ಮಾಡಿದ ಕ್ರಿಮಿನಲ್ ಕಾನೂನನ್ನ ಬಡಾವಣೆ ಠಾಣೆ ಪೊಲೀಸರೇ ಜಾರಿ ಮಾಡ್ತಾರೆ. ಅಲ್ಲಿ ಫೆಡರಲ್ ಕೋರ್ಟೇ ಬೇರೆ, ರಾಜ್ಯದ ಕೋರ್ಟೇ ಬೇರೆ, ಪೊಲೀಸೂ ಬೇರೆ ಬೇರೆ. ಕೊಲೆ ಕೇಸ್ ಸಾಮಾನ್ಯವಾಗಿ ರಾಜ್ಯದ್ದೇ ಕಾನೂನು. ಮಿಚಿಗನ್ ರಾಜ್ಯ ಕೊಲೆಗೆ ಗಲ್ಲು ಬೇಡ ಅಂತ 1846ರಲ್ಲೇ ತೀರ್ಮಾನ ಮಾಡ್ತು, ಟೆಕ್ಸಾಸ್ ಇವತ್ತಿಗೂ ಮರಣದಂಡನೆ ಕೊಡುತ್ತೆ. ಮದುವೆ ನೋಂದಣಿ, ಡ್ರೈವಿಂಗ್ ಲೈಸೆನ್ಸ್, ಶಾಲೆ, ಚುನಾವಣೆ ನಡೆಸೋದು, ಬಹುಪಾಲು ರಾಜ್ಯದ ಕೈಲೇ. ಟೆಕ್ಸಾಸ್‌ನಲ್ಲಿ ರಾಜ್ಯದ ಇನ್‌ಕಂ ಟ್ಯಾಕ್ಸ್ ಇಲ್ಲ, ಆರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಹಂಗಾಗಿ ಮಗ ಡಲ್ಲಾಸ್‌ನಲ್ಲಿ ಮಗಳು ಪೋರ್ಟ್‌ಲ್ಯಾಂಡ್‌ನಲ್ಲಿ ಇದ್ರೆ ಇಬ್ರ ಸಂಬಳದ ಲೆಕ್ಕ ಒಂದೇ ಥರ ಹಾಕೋಕೆ ಹೋಗ್ಬೇಡಿ.

ಇಷ್ಟು ಆದ್ಮೇಲೆ ಸುದ್ದಿಗೆ ಬರ್ರಿ. ಹುಡುಕಬೇಕಾದ್ದು ಏನಂದ್ರೆ, ವಾಷಿಂಗ್ಟನ್ ಯಾವ ಕೊಕ್ಕೆ ಹಿಡ್ಕೊಂಡು ಒಳಗೆ ಬಂದೈತೆ ಅನ್ನೋದು. ಎಣಿಸಿ ಕೊಟ್ಟ ಅಧಿಕಾರ ಅಂದ್ಮೇಲೆ ಏನೇ ಮಾಡಿದ್ರೂ ಸಂವಿಧಾನದ ಯಾವುದೋ ಒಂದು ಸಾಲು ತೋರಿಸ್ಲೇಬೇಕು. ಹೆಚ್ಚಾಗಿ ತೋರಿಸೋ ಸಾಲು ಅಂತರರಾಜ್ಯ ವಾಣಿಜ್ಯದ್ದು, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಕಾನೂನು ಮಾಡೋ ಅಧಿಕಾರ. ಈ ಒಂದು ಸಾಲು ಎಷ್ಟು ಹಿಗ್ಗುತ್ತೆ ಅಂತ ಗೊತ್ತಾಗ್ಬೇಕಾದ್ರೆ ರಾಸ್ಕೋ ಫಿಲ್ಬರ್ನ್ ಅನ್ನೋ ರೈತನ ಕೇಸ್ ಓದ್ಬೇಕು.

ಓಹಾಯೋ ರಾಜ್ಯದ ಡೇಟನ್ ಊರಿನ ಹತ್ರ ಇವನ ಹೊಲ, ಹಾಲು ಮಾರೋದು, ಕೋಳಿ ಸಾಕೋದು ಇತ್ತು. ಗೋಧಿ ರೇಟ್ ಬೀಳಬಾರ್ದು ಅಂತ 1938ರ ಕಾನೂನಿನ ಕೆಳಗೆ ಯಾವ ರೈತ ಎಷ್ಟು ಎಕರೆ ಗೋಧಿ ಹಾಕ್ಬೇಕು ಅಂತ ಸರ್ಕಾರ ಗೊತ್ತು ಮಾಡ್ತಿತ್ತು. 1941ರ ಬೆಳೆಗೆ ಇವನಿಗೆ ಕೊಟ್ಟಿದ್ದು 11.1 ಎಕರೆ, ಇವನು ಹಾಕಿದ್ದು 23 ಎಕರೆ. ಜಾಸ್ತಿ ಹಾಕಿದ ಜಾಗದಲ್ಲಿ ಬಂದಿದ್ದು 239 ಬುಷೆಲ್ (ಅಲ್ಲಿ ಕಾಳು ಅಳೆಯೋ ಅಳತೆ), ಬುಷೆಲ್ಲಿಗೆ 49 ಸೆಂಟ್ ಲೆಕ್ಕದಲ್ಲಿ 117 ಡಾಲರ್ 11 ಸೆಂಟ್ ದಂಡ ಬಿತ್ತು. ಇವನ ವಾದ ಏನು, ಆ ಜಾಸ್ತಿ ಗೋಧಿ ನಾನು ಮಾರೋಕೆ ಬೆಳೆದಿಲ್ಲ, ನನ್ನ ದನ ಕೋಳಿಗೆ, ಮನೆ ಹಿಟ್ಟಿಗೆ, ಬೀಜಕ್ಕೆ, ಹೊಲದಿಂದ ಆಚೆಗೇ ಹೋಗದ ಕಾಳು ರಾಜ್ಯ ರಾಜ್ಯಗಳ ವ್ಯಾಪಾರ ಹೆಂಗಾಗುತ್ತೆ ಅಂತ. ಜಗಳೂರು ಕಡೆ ಮೆಕ್ಕೆಜೋಳ ಬೆಳೆಯೋ ರೈತನ ಮುಂದೆ ಈ ಕತೆ ಹೇಳಿ ನೋಡ್ರಿ, ನಮ್ಮ ಎಮ್ಮೆಗೆ ಹಾಕೋ ಜೋಳಕ್ಕೆ ದಿಲ್ಲಿ ದಂಡ ಹಾಕ್ತದಾ ಅಂತ ಬಯ್ದೇ ಬಯ್ತಾನೆ. ಆದ್ರೆ 1942ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಜಡ್ಜೂ ಬಿಡ್ದೆ ಸರ್ಕಾರದ ಪರ ಹೇಳ್ತು. ನೀನು ಬೆಳೀದೆ ಇದ್ದಿದ್ರೆ ಮಾರ್ಕೆಟಲ್ಲಿ ಕೊಳ್ತಿದ್ದೆ, ನಿನ್ನಂಥ ರೈತರೆಲ್ಲ ಹಿಂಗೇ ಮಾಡಿದ್ರೆ ದೇಶದ ಗೋಧಿ ರೇಟೇ ಅಲ್ಲಾಡುತ್ತೆ, ಹಂಗಾಗಿ ಇದೂ ನಮ್ಮ ವ್ಯಾಪ್ತಿಗೇ ಬರುತ್ತೆ ಅಂತ. ಎಪಿಎಂಸಿ ಆವಕದ ಲೆಕ್ಕ ನೋಡೋರಿಗೆ ಈ ತರ್ಕ ಪೂರ್ತಿ ಹುಚ್ಚು ಅಂತ ಅನ್ಸಲ್ಲ, ಆದ್ರೆ ಇದನ್ನ ಒಪ್ಪಿದ್ಮೇಲೆ ವಾಷಿಂಗ್ಟನ್ ಕೈಗೆ ಸಿಗದ್ದು ಏನು ಉಳೀತು ಅನ್ನೋ ಪ್ರಶ್ನೆ ಬರುತ್ತಲ್ಲ, ಆ ಪ್ರಶ್ನೆ ಇಟ್ಕೊಂಡೇ ಅವರು ಇವತ್ತಿನ ತನಕ ಜಗಳ ಆಡ್ತಿರೋದು.

ಉಳಿದಿದ್ದು ಏನು ಅಂತ 1995ರಲ್ಲಿ ಸ್ವಲ್ಪ ಗೊತ್ತಾಯ್ತು. ಶಾಲೆ ಹತ್ರ ಗನ್ ತರಬಾರ್ದು ಅನ್ನೋ ಫೆಡರಲ್ ಕಾನೂನನ್ನ ಲೋಪೆಜ್ ಕೇಸಲ್ಲಿ ಐದಕ್ಕೆ ನಾಲ್ಕು ಓಟಲ್ಲಿ ಹೊಡೆದುಹಾಕಿದ್ರು, ಶಾಲೆಗೆ ಪಿಸ್ತೂಲು ತರೋದು ತಪ್ಪೇ ಇರಬಹುದು ಆದ್ರೆ ಅದು ವ್ಯಾಪಾರ ಅಲ್ಲ ಅಂತ. ಹಂಗಂತ ಗೆರೆ ಗಟ್ಟಿಯಾಯ್ತು ಅನ್ಕೋಬೇಡಿ. 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ರೋಗಿ, ರಾಜ್ಯದ ಕಾನೂನು ಒಪ್ಪಿಗೆ ಕೊಟ್ಟಿದ್ದಕ್ಕೇ ಮನೇಲಿ ಔಷಧಿಗೆ ಅಂತ ಬೆಳೆದಿದ್ದ ಆರು ಗಾಂಜಾ ಗಿಡದ ಕೇಸಲ್ಲಿ ಮತ್ತೆ ಅದೇ ಫಿಲ್ಬರ್ನ್ ಗೋಧಿ ತಂದು ಫೆಡರಲ್ ಸರ್ಕಾರನೇ ಗೆಲ್ತು. ಅಲ್ಲಿ ಬಹಳ ರಾಜ್ಯಗಳಲ್ಲಿ ಗಾಂಜಾ ಅಂಗಡಿ ಲೈಸೆನ್ಸ್ ತಗೊಂಡೇ ನಡೀತವೆ, ಫೆಡರಲ್ ಕಾನೂನಲ್ಲಿ ಮಾತ್ರ ಅದು ಅಪರಾಧನೇ. ವೀಸಾ ಮೇಲೆ ಹೋಗಿರೋ ನಮ್ಮ ಹುಡುಗ್ರಿಗೆ ಇದನ್ನ ಬಿಡಿಸಿ ಹೇಳ್ರಿ, ಯಾಕಂದ್ರೆ ವೀಸಾ, ವಲಸೆ ಎಲ್ಲ ಫೆಡರಲ್ ಕೈಲಿ, ರಾಜ್ಯ ಬಿಟ್ಟಿತ್ತು ಅನ್ನೋ ಮಾತು ಅಲ್ಲಿ ನಡೆಯಲ್ಲ.

ಕೊಕ್ಕೆ ಸಿಗ್ಲಿಲ್ಲ ಅಂದ್ರೆ ದುಡ್ಡಿನ ದಾರಿ ನೋಡ್ರಿ. ನೇರವಾಗಿ ಆದೇಶ ಮಾಡೋಕೆ ಅಧಿಕಾರ ಇಲ್ಲದ ಕಡೆ ವಾಷಿಂಗ್ಟನ್ ಅನುದಾನದ ಕಡೆಯಿಂದ ಬರುತ್ತೆ. ಕುಡಿಯೋ ವಯಸ್ಸು 21 ಅಂತ ದೇಶಕ್ಕೆಲ್ಲ ಕಾನೂನು ಐತೆ ಅಂತ ನಮ್ಮಲ್ಲಿ ಬಹಳ ಜನ ಅನ್ಕೊಂಡವ್ರೆ, ಹಂಗಿಲ್ಲ. 1984ರ ಫೆಡರಲ್ ಕಾನೂನು ಹೇಳಿದ್ದಿಷ್ಟೇ, 21 ಮಾಡದ ರಾಜ್ಯಕ್ಕೆ ಹೆದ್ದಾರಿ ದುಡ್ಡಲ್ಲಿ ಮೊದಲು ನೂರಕ್ಕೆ ಐದು, ಆಮೇಲೆ ನೂರಕ್ಕೆ ಹತ್ತು ಕಟ್. 19 ವರ್ಷದೋರಿಗೆ ಕಮ್ಮಿ ಸ್ಟ್ರಾಂಗ್ ಬಿಯರ್ ಮಾರ್ತಿದ್ದ ಸೌತ್ ಡಕೋಟಾ ಕೋರ್ಟಿಗೆ ಹೋಯ್ತು, 1987ರಲ್ಲಿ ಸೋಲ್ತು. 1988ರ ಹೊತ್ತಿಗೆ ಎಲ್ಲಾ ರಾಜ್ಯಗಳೂ ತಾವಾಗೇ 21 ಮಾಡ್ಕೊಂಡಿದ್ವು. ಇಲ್ಲಿ ಒಂದು ತಮಾಷೆ ಐತೆ, ಈ ಕಾನೂನಿಗೆ ಸಹಿ ಹಾಕಿದ್ದು ಆಗಿನ ಅಧ್ಯಕ್ಷ ರೇಗನ್, ವಾಷಿಂಗ್ಟನ್ ಅತಿಯಾಯ್ತು ರಾಜ್ಯಗಳಿಗೆ ಬಿಡ್ರಿ ಅಂತ ಜೀವನಪೂರ್ತಿ ಭಾಷಣ ಮಾಡಿದೋರು. ದುಡ್ಡಿನ ಹಗ್ಗ ಹೆಂಗೆ ಎಳೀತದೆ ಅಂತ ನಮ್ಮೋರಿಗೆ ಹೇಳ್ಕೊಡೋದು ಬೇಕಾಗಿಲ್ಲ, 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ ಘೋಷಣೆ ಆದ್ಮೇಲೆ ಚಿತ್ರದುರ್ಗದಲ್ಲಿ ಆ ದುಡ್ಡಿಗೋಸ್ಕರ ಎಷ್ಟು ಹೋರಾಟ ನಡೀತು ಅಂತ ಎಲ್ಲರೂ ನೋಡಿದೀವಿ. ಆದ್ರೆ ಅಮೆರಿಕದಲ್ಲಿ ಈ ಹಗ್ಗಕ್ಕೂ ಒಂದು ಮಿತಿ ಹಾಕಿದಾರೆ. ಒಬಾಮಾ ಕಾಲದ ಆರೋಗ್ಯ ಕಾನೂನಲ್ಲಿ, ಮೆಡಿಕೈಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ವಿಸ್ತರಣೆಗೆ ಒಪ್ಪದ ರಾಜ್ಯಕ್ಕೆ ಹಳೇ ಮೆಡಿಕೈಡ್ ದುಡ್ಡೂ ಹೋಗಬಹುದು ಅಂತಿತ್ತು, ಇದು ಆಸೆ ತೋರಿಸೋದಲ್ಲ, ತಲೆಗೆ ಗನ್ ಇಟ್ಟಂಗೆ ಅಂತ 2012ರಲ್ಲಿ ಕೋರ್ಟ್ ಹೇಳ್ತು. ಹಂಗಾಗಿ ಅನುದಾನ ಕಟ್ ಅನ್ನೋ ಸುದ್ದಿ ಬಂದ್ರೆ ಎಷ್ಟು ಪಾಲು ಕಟ್, ಆ ಷರತ್ತು ಮೊದಲೇ ಕಾನೂನಲ್ಲಿ ಬರೆದಿತ್ತಾ ಇಲ್ಲಾ ಆಮೇಲೆ ಸೇರಿಸಿದ್ರಾ, ಷರತ್ತಿಗೂ ಆ ದುಡ್ಡಿಗೂ ಸಂಬಂಧ ಏನು, ಇವು ಮೂರು ನೋಡ್ರಿ ಸಾಕು.

ಕೆಲಸ ಮಾಡೋರು ಯಾರು ಅನ್ನೋದನ್ನೂ ನೋಡ್ಬೇಕು. ಫೆಡರಲ್ ಕಾನೂನೇ ಮೇಲು, ರಾಜ್ಯ ಅದಕ್ಕೆ ಅಡ್ಡ ಬರಂಗಿಲ್ಲ, ಆದ್ರೆ ರಾಜ್ಯದ ನೌಕರ ಅದನ್ನ ತನ್ನ ಕೈಯಾರೆ ಜಾರಿ ಮಾಡ್ಲೇಬೇಕು ಅಂತ ವಾಷಿಂಗ್ಟನ್ ಹುಕುಂ ಮಾಡಂಗಿಲ್ಲ. ಈ ಗೆರೆ ಗಟ್ಟಿ ಮಾಡಿದ್ದು 1997ರ ಪ್ರಿಂಟ್ಜ್ ಕೇಸ್. ಗನ್ ಕೊಳ್ಳೋರ ಹಿನ್ನೆಲೆ ಪರಿಶೀಲನೆ ಕೆಲಸ ಫೆಡರಲ್ ಸರ್ಕಾರ ನಮ್ಮ ತಲೆ ಮೇಲೆ ಹಾಕೈತೆ ಅಂತ ಮೊಂಟಾನಾದ ಒಬ್ಬ ಶೆರಿಫ್ (ಸ್ಥಳೀಯ ಪೊಲೀಸ್ ಮುಖ್ಯಸ್ಥ) ಹಾಕಿದ್ದು. ಆವಾಗ ಕುಣಿದಾಡಿದೋರು ಗನ್ ಪರ ಇರೋ ಬಲಪಂಥದೋರು. ಈಗ ಅದೇ ತೀರ್ಪು ಹಿಡ್ಕೊಂಡು ಡೆಮಾಕ್ರಾಟ್ ರಾಜ್ಯಗಳು, ವಲಸಿಗರನ್ನ ಹಿಡಿಯೋದು ಫೆಡರಲ್ ಏಜೆಂಟರ ಕೆಲಸ, ನಮ್ಮ ಪೊಲೀಸರನ್ನ ಕಳಿಸಲ್ಲ ಅಂತಾವೆ. ಇಂಥ ಸುದ್ದಿಲಿ ಸಹಾಯ ಮಾಡಲ್ಲ ಅಂದಿದ್ದಾ, ಅಡ್ಡಿ ಮಾಡಿದ್ದಾ ಅಂತ ಬೇರೆ ಬೇರೆ ಮಾಡ್ಕೊಂಡು ಓದ್ರಿ, ಮೊದಲ್ನೇದಕ್ಕೆ ರಕ್ಷಣೆ ಐತೆ, ಎರಡನೇದಕ್ಕೆ ಇಲ್ಲ.

ಈಗ ನನಗೆ ಮುಖ್ಯ ಅನ್ಸೋ ವಿಷಯ. ರಾಜ್ಯಗಳ ಹಕ್ಕು ಅಂತ ಯಾರಾದ್ರೂ ಕೂಗಿದ್ರೆ ಅದು ಸಿದ್ಧಾಂತ ಅಂತ ತಕ್ಷಣ ನಂಬಬೇಡಿ, ಯಾವುದರ ಹಕ್ಕು ಅಂತ ಕೇಳ್ರಿ. ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ರಾಜ್ಯಗಳ ಹಕ್ಕಿಗಾಗಿ ಆಯ್ತು ಅಂತ ಕೆಲವು ನೋಟ್ಸಲ್ಲಿ ಈಗ್ಲೂ ಬರೀತಾರೆ. 1850ರ ಕಾನೂನು ತೆಗೆದು ನೋಡ್ರಿ, ತಪ್ಪಿಸ್ಕೊಂಡು ಉತ್ತರಕ್ಕೆ ಓಡಿದ ಗುಲಾಮರನ್ನ ಹಿಡಿದು ವಾಪಸ್ ಕೊಡ್ಬೇಕು ಅಂತ ಫೆಡರಲ್ ಅಧಿಕಾರ ಬೇಕು ಅಂದಿದ್ದೇ ದಕ್ಷಿಣದೋರು, ನಮ್ಮ ರಾಜ್ಯದಲ್ಲಿ ಇದು ನಡೆಯಲ್ಲ ಅಂತ ರಾಜ್ಯದ ಹಕ್ಕು ಎತ್ತಿದ್ದು ವಿಸ್ಕಾನ್ಸಿನ್ ಥರದ ಉತ್ತರದ ರಾಜ್ಯಗಳು. 1860ರ ಡಿಸೆಂಬರಲ್ಲಿ ಸೌತ್ ಕೆರೊಲಿನಾ ಒಕ್ಕೂಟ ಬಿಡುವಾಗ ಬರೆದ ಕಾರಣಪತ್ರದಲ್ಲಿ ದೊಡ್ಡ ದೂರೇ ಇದು, ಉತ್ತರದ ರಾಜ್ಯಗಳು ಆ ಕಾನೂನು ಪಾಲಿಸ್ತಿಲ್ಲ ಅಂತ. ಅಂದ್ರೆ ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರ ಸಿಟ್ಟು. ಬೇಕಾಗಿದ್ದು ಗುಲಾಮಗಿರಿ, ಅದಕ್ಕೆ ಯಾವ ವಾದ ಸಿಕ್ಕಿದ್ರೆ ಅದು.

ನೂರು ವರ್ಷ ಆದ್ಮೇಲೂ ಇದೇ ಕತೆ. ಕರಿಯರ ಮಕ್ಕಳು ಬಿಳಿಯರ ಶಾಲೆಗೆ ಬರಬಾರ್ದು ಅನ್ನೋದು ರಾಜ್ಯದ ಹಕ್ಕು ಅಂತ, 1957ರಲ್ಲಿ ಅರ್ಕಾನ್ಸಾ ಗವರ್ನರ್ ಫಾಬಸ್, ಲಿಟ್ಲ್ ರಾಕ್ ಹೈಸ್ಕೂಲ್ ಮುಂದೆ ರಾಜ್ಯದ ನ್ಯಾಷನಲ್ ಗಾರ್ಡ್ ಅನ್ನೋ ಮೀಸಲು ಪಡೆ ನಿಲ್ಲಿಸಿ ಒಂಬತ್ತು ಮಕ್ಕಳನ್ನ ತಡೆದ. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯದ 101ನೇ ಏರ್‌ಬೋರ್ನ್ ಕಳಿಸಿದ್ದು ಎಲ್ಲರಿಗೂ ಗೊತ್ತು, ಅದರ ಜೊತೆ ಮಾಡಿದ್ದು ಇನ್ನೂ ಚೆನ್ನಾಗೈತೆ, ಆ ಗವರ್ನರ್ ನಿಲ್ಲಿಸಿದ್ದ ಗಾರ್ಡನ್ನೇ ಫೆಡರಲ್ ಆಜ್ಞೆ ಕೆಳಗೆ ತಗೊಂಡ್ರು. ಮಕ್ಕಳನ್ನ ತಡೆಯೋಕೆ ಬಂದಿದ್ದ ಪಡೆನೇ ಈಗ ಗವರ್ನರ್ ಮಾತು ಕೇಳಂಗಿಲ್ಲ. ಆದ್ರೆ ಈ ಅಧಿಕಾರ ಯಾವಾಗ್ಲೂ ನಮಗೆ ಇಷ್ಟ ಆಗೋ ಕೆಲಸಕ್ಕೇ ಬರುತ್ತೆ ಅಂತಿಲ್ಲ, 2025ರ ಜೂನಲ್ಲಿ ಟ್ರಂಪ್ ಕ್ಯಾಲಿಫೋರ್ನಿಯಾ ಗವರ್ನರ್ ಬೇಡ ಅಂದ್ರೂ ಅಲ್ಲಿನ ಗಾರ್ಡನ್ನ ತಮ್ಮ ಕೈಗೆ ತಗೊಂಡು ಲಾಸ್ ಏಂಜಲೀಸ್‌ಗೆ ಇಳಿಸಿದ್ರು, ಆವಾಗ ರಾಜ್ಯದ ಹಕ್ಕು ಅಂತ ಕೂಗಿದೋರು ಡೆಮಾಕ್ರಾಟರು. ಗರ್ಭಪಾತದ್ದೂ ಹಂಗೇ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರಾಜ್ಯಗಳಿಗೆ ಬಿಟ್ಟ ಮೇಲೆ ಎರಡೂ ಪಕ್ಷದಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ತರೋಣ ಅಂತ ಮಸೂದೆ ಹಿಡ್ಕೊಂಡು ಬಂದೋರು ಇದ್ರು.

ಪರೀಕ್ಷೆ ಬರೆಯೋರಿಗೆ ಒಂದು ಮಾತು. ಅಮೆರಿಕದಲ್ಲಿ ರಾಜ್ಯ ಬಲಿಷ್ಠ, ಭಾರತದಲ್ಲಿ ಕೇಂದ್ರ ಬಲಿಷ್ಠ ಅಂತ ಒಂದು ಸಾಲು ಬರೆದು ಬಿಟ್ರೆ ಮಾರ್ಕ್ಸ್ ಬರಲ್ಲ. 1819ರ ಮೆಕ್ಯುಲಕ್ ಕೇಸಿಂದ ಶುರು ಮಾಡಿ, ಫೆಡರಲ್ ಬ್ಯಾಂಕಿಗೆ ಮೇರಿಲ್ಯಾಂಡ್ ರಾಜ್ಯ ತೆರಿಗೆ ಹಾಕಂಗಿಲ್ಲ ಅಂದಿದ್ದು, ಆಮೇಲೆ ಫಿಲ್ಬರ್ನ್, ಲೋಪೆಜ್, ಪ್ರಿಂಟ್ಜ್, ಇಷ್ಟನ್ನ ಇಸವಿ ಸಮೇತ ಇಟ್ಟು ಅಧಿಕಾರ ಹೆಂಗೆ ಆ ಕಡೆ ಈ ಕಡೆ ಸರೀತು ಅಂತ ತೋರಿಸಿ.

ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ವಾದ ಮಾಡೋರಿಗೆ ಬೇರೆ ಮಾತು, ಅಲ್ಲಿ ಸ್ಟೇ ಬಂತು ಅನ್ನೋ ಸುದ್ದಿ ಓದಿ ಗೆದ್ವಿ ಅನ್ಬೇಡಿ. ಯಾವ ಕೋರ್ಟ್ ಅಂತ ನೋಡ್ರಿ, ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್ ಅಂದ್ರೆ ಮೊದಲ ಮೆಟ್ಲು, ಮೇಲೆ ಅಪೀಲ್ ಕೋರ್ಟ್ ಐತೆ, ಅದರ ಮೇಲೆ ಸುಪ್ರೀಂ ಕೋರ್ಟ್. ಮೊದಲೆಲ್ಲ ಒಬ್ಬ ಡಿಸ್ಟ್ರಿಕ್ಟ್ ಜಡ್ಜ್ ಹೇಳಿದ್ರೆ ಅಧ್ಯಕ್ಷರ ಆದೇಶ ದೇಶಪೂರ್ತಿ ನಿಂತುಬಿಡೋದು, 2025ರ ಜೂನ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಡಿವಾಣ ಹಾಕೈತೆ. ಹಂಗಾಗಿ ಆ ಸ್ಟೇ ಯಾವ ರಾಜ್ಯಗಳು ಹಾಕಿದ ಕೇಸಲ್ಲಿ ಬಂತು, ಮಗ ಇರೋ ರಾಜ್ಯ ಆ ಪಟ್ಟಿಲಿ ಐತಾ ಇಲ್ವಾ ಅಂತ ನೋಡ್ಕೊಂಡು ಆಮೇಲೆ ಅವನಿಗೆ ಫೋನ್ ಮಾಡ್ರಿ.